ಕಾರವಾರದಲ್ಲಿ 100 ಡಿಗ್ರಿ, ಶಿರಸಿಯಲ್ಲಿ 65: ಒಂದೇ ಪ್ರೊಸೆಸರ್‌ಗೆ ಯಾಕೆ ಈ ಅಂತರ?

ಪ್ರಶ್ನೆ: ನಮಸ್ತೆ ಸರ್. ಕಾರವಾರದ ಕೋಡಿಬಾಗದಲ್ಲಿ ಮದುವೆ, ಯಕ್ಷಗಾನದ ವಿಡಿಯೊ ಎಡಿಟಿಂಗ್ ಮಾಡುತ್ತೇನೆ. 2022ರಲ್ಲಿ ಜೋಡಿಸಿದ ಕಂಪ್ಯೂಟರ್. ಇಂಟೆಲ್ ಕೋರ್ ಐ7-12700, ಬಾಕ್ಸಿನ ಜೊತೆಗೆ ಬಂದ ಕೂಲರ್, ಬಿ660 ಮದರ್‌ಬೋರ್ಡ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, ಮುಂದೆ ಪೂರ್ತಿ ಗಾಜಿರುವ ಕ್ಯಾಬಿನೆಟ್, 600 ವಿಎ ಯುಪಿಎಸ್. ಸಮುದ್ರದ ಕಡೆಯ ಕಿಟಕಿ ಪಕ್ಕ, ಟೇಬಲ್ಲಿನ ಮರದ ಗೂಡಿನೊಳಗೆ ಇಟ್ಟಿದ್ದೇನೆ. ರೆಂಡರ್ (ಎಡಿಟ್ ಮಾಡಿದ್ದನ್ನು ಅಂತಿಮ ವಿಡಿಯೊ ಆಗಿ ಕಟ್ಟುವ ಕೆಲಸ) ಹಾಕಿದ ಕೂಡಲೇ 100 ಡಿಗ್ರಿ ಮುಟ್ಟುತ್ತದೆ, ಫ್ಯಾನ್ ಕಿರುಚಲು ಶುರು. ಎಚ್‌ಡಬ್ಲ್ಯು ಇನ್ಫೊ ಎಂಬ ಸಾಫ್ಟ್‌ವೇರ್‌ನಲ್ಲಿ ಸಿಪಿಯು ಪ್ಯಾಕೇಜ್ ಪವರ್ (ಪ್ರೊಸೆಸರ್ ಎಳೆಯುವ ವ್ಯಾಟ್) ಮೊದಲು 170 ವ್ಯಾಟ್ ತೋರಿಸಿ, ಆಮೇಲೆ 110ರ ಹತ್ತಿರ ನಿಲ್ಲುತ್ತದೆ. ಕೋಣೆಯಲ್ಲಿ 33 ಡಿಗ್ರಿ. ಶಿರಸಿಯಲ್ಲಿರುವ ನಮ್ಮ ಅಣ್ಣನ ಹತ್ತಿರವೂ ಇದೇ ಪ್ರೊಸೆಸರ್, ಇದೇ ಕೂಲರ್, ಬೋರ್ಡ್ ಮಾತ್ರ ಎಚ್610. ಅವನ ಕೋಣೆಯಲ್ಲಿ 27 ಡಿಗ್ರಿ, ರೆಂಡರ್ ಮಾಡುವಾಗ ಪ್ರೊಸೆಸರ್ 65 ಡಿಗ್ರಿ, 65 ವ್ಯಾಟ್. ಈ ತಿಂಗಳು ಎರಡು ಸಲ ರೆಂಡರ್ ನಡುವೆ ನನ್ನದು ಗಕ್ಕನೆ ಆಫ್ ಆಯಿತು. ಅಂಗಡಿಯವರು ಎಂಟು ಸಾವಿರದ ವಾಟರ್ ಕೂಲರ್ ಹಾಕಿಸಿ ಅನ್ನುತ್ತಾರೆ. ಒಬ್ಬರು ಪಕ್ಕದ ಬಾಗಿಲು ತೆಗೆದು ಟೇಬಲ್ ಫ್ಯಾನ್ ಇಡು ಅಂದರು, ಇನ್ನೊಬ್ಬರು ಪ್ರೊಸೆಸರ್‌ಗೂ ಕೂಲರಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಬದಲು ಟೂತ್‌ಪೇಸ್ಟ್ ಹಚ್ಚಿದರೂ ಆಗುತ್ತದೆ ಅಂದರು. ಪ್ರೊಸೆಸರ್ ಸುಟ್ಟುಹೋಗುತ್ತದೆಯೇ? ನಮ್ಮ ಸೆಕೆಗೆ ಇಂಥ ಕಂಪ್ಯೂಟರ್ ಇಡಲೇಬಾರದೇ?

ಉತ್ತರ:

ನೀವು ಡಿಗ್ರಿಯ ಜೊತೆಗೆ ವ್ಯಾಟನ್ನೂ ಕೋಣೆಯ ಉಷ್ಣತೆಯನ್ನೂ ಬರೆದಿದ್ದೀರಿ. ಅರ್ಧ ಉತ್ತರ ಅದರಲ್ಲೇ ಇದೆ. ಬರೀ "100 ಡಿಗ್ರಿ ಬರುತ್ತಿದೆ" ಎಂದು ಬರೆದಿದ್ದರೆ ಯಾರೂ ಊಹೆಗಿಂತ ಹೆಚ್ಚಿನದು ಹೇಳಲಾಗುತ್ತಿರಲಿಲ್ಲ.

ಒಂದು ಸಣ್ಣ ಲೆಕ್ಕ ಮಾಡೋಣ. ಪ್ರೊಸೆಸರ್‌ನ ಉಷ್ಣತೆಯಿಂದ ಕೋಣೆಯ ಉಷ್ಣತೆ ಕಳೆಯಿರಿ, ಬಂದದ್ದನ್ನು ವ್ಯಾಟಿನಿಂದ ಭಾಗಿಸಿ. ನಿಮ್ಮದು 100ರಲ್ಲಿ 33 ಕಳೆದು 67. ಅದನ್ನು 110ರಿಂದ ಭಾಗಿಸಿದರೆ ಸುಮಾರು 0.61. ಅಂದರೆ ಪ್ರತಿ ವ್ಯಾಟಿಗೆ ನಿಮ್ಮ ಪ್ರೊಸೆಸರ್ ಕೋಣೆಗಿಂತ 0.61 ಡಿಗ್ರಿ ಮೇಲೇರುತ್ತಿದೆ. ನಿಮ್ಮ ಅಣ್ಣನದು 65ರಲ್ಲಿ 27 ಕಳೆದು 38, ಭಾಗಿಸು 65, ಸುಮಾರು 0.58. ಎರಡೂ ಹತ್ತಿರ ಹತ್ತಿರ ಒಂದೇ. ಶಿರಸಿಯ ಕೂಲರ್ ನಿಮ್ಮದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತಿಲ್ಲ. ಅದರ ತಲೆಯ ಮೇಲಿನ ಹೊರೆ ಕಡಿಮೆ, ಅಷ್ಟೆ. ಘಟ್ಟದ ಮೇಲಿನ ತಂಪಿನಿಂದ ಅಣ್ಣನಿಗೆ ಸಿಕ್ಕಿದ್ದು 35 ಡಿಗ್ರಿಯಲ್ಲಿ ಬರೀ ಆರು. ಉಳಿದದ್ದೆಲ್ಲ ಹೆಚ್ಚುಕಡಿಮೆ ವ್ಯಾಟಿನ ವ್ಯತ್ಯಾಸ.

ಆ ವ್ಯತ್ಯಾಸ ಬಂದದ್ದು ಬೋರ್ಡಿನಿಂದ. ಐ7-12700ಕ್ಕೆ ಇಂಟೆಲ್ ಎರಡು ಅಂಕಿ ಕೊಟ್ಟಿದೆ: ಬೇಸ್ ಪವರ್ 65 ವ್ಯಾಟ್, ಗರಿಷ್ಠ ಟರ್ಬೊ ಪವರ್ 180 ವ್ಯಾಟ್. ಬಾಕ್ಸಿನ ಕೂಲರನ್ನು ಆ 65ನ್ನು ಮನಸ್ಸಿನಲ್ಲಿಟ್ಟು ಕೊಡುತ್ತಾರೆ. ಅಗ್ಗದ ಎಚ್610 ಬೋರ್ಡುಗಳು ಸ್ವಲ್ಪ ಹೊತ್ತು ಮೇಲೇರಲು ಬಿಟ್ಟು ಆಮೇಲೆ 65ಕ್ಕೆ ಎಳೆದು ಕೂರಿಸುವುದು ಹೆಚ್ಚು. ಬಿ660ರಂಥ ಬೋರ್ಡುಗಳಲ್ಲಿ ಹಲವು, ಬಯೋಸ್‌ನಲ್ಲಿ (ಬೋರ್ಡಿನೊಳಗಿನ ಮೂಲ ಸೆಟ್ಟಿಂಗುಗಳಲ್ಲಿ) ಯಾರೂ ಏನೂ ಮುಟ್ಟದಿದ್ದರೂ, ಮಿತಿಯನ್ನು 4095 ಅಥವಾ 4096 ವ್ಯಾಟ್ ಎಂದು ಇಟ್ಟುಕೊಂಡಿರುತ್ತವೆ. ಮಿತಿಯೇ ಇಲ್ಲ ಎನ್ನುವುದನ್ನು ಹೇಳುವ ರೀತಿ ಅದು. ಮುಂಬೈಯಲ್ಲಿ ಜೋಡಿಸಿದರೂ ಮಡಿಕೇರಿಯಲ್ಲಿ ಜೋಡಿಸಿದರೂ ಆ ಕೂಲರ್ 170 ವ್ಯಾಟ್ ಹೊರಲಾರದು.

ಸುಟ್ಟುಹೋಗುತ್ತದೆಯೇ ಎಂದರೆ, ಇಲ್ಲ. ಈ ಪ್ರೊಸೆಸರ್‌ಗೆ ಇಂಟೆಲ್ ಇಟ್ಟ ಮೇಲ್ಮಿತಿ 100 ಡಿಗ್ರಿ. ಅಲ್ಲಿ ಮುಟ್ಟಿದ ಕೂಡಲೇ ಅದು ತಾನಾಗಿ ವೇಗ ಇಳಿಸಿ, ವೋಲ್ಟೇಜ್ ಇಳಿಸಿ, 100ರಲ್ಲೇ ನಿಲ್ಲುವಷ್ಟು ವ್ಯಾಟನ್ನು ಮಾತ್ರ ಎಳೆಯುತ್ತದೆ. ನಿಮ್ಮ 170 ವ್ಯಾಟ್ 110ಕ್ಕೆ ಇಳಿದದ್ದು ಇದೇ ಕಾರಣಕ್ಕೆ. ಇದನ್ನೇ ಥ್ರಾಟಲ್ ಎನ್ನುವುದು. ಇದು ರಕ್ಷಣೆ, ದಿನವೂ ನಾಲ್ಕು ಗಂಟೆ ಹೀಗೆ ಓಡಿದರೂ ಚಿಪ್ ನಾಳೆಯೇ ಸಾಯುವುದಿಲ್ಲ. ಹಾಗೆಂದು ಹೀಗೇ ಬಿಡಿ ಎಂದು ಹೇಳುತ್ತಿಲ್ಲ. ಸಾಕೆಟ್ಟಿನ ಸುತ್ತಲಿನ ಬೋರ್ಡ್ ಕಾಯುತ್ತದೆ, ಪೇಸ್ಟ್ ಬೇಗ ಒಣಗುತ್ತದೆ, ಫ್ಯಾನಿನ ಬೇರಿಂಗ್ ಸವೆಯುತ್ತದೆ. ಮೊದಲು ನೆಲ ಕಚ್ಚುವವು ಇಂಥವೇ, ಪ್ರೊಸೆಸರ್ ಅಲ್ಲ.

ಹಾಗಾದರೆ ಗಕ್ಕನೆ ಆಫ್ ಆದದ್ದು? ಅದನ್ನು ಬಿಸಿಯ ಖಾತೆಗೆ ಹಾಕಲು ನನಗೆ ಮನಸ್ಸಿಲ್ಲ. ಬಿಸಿಗೆ ಕಂಪ್ಯೂಟರ್ ತಾನಾಗಿ ಆಫ್ ಆಗಬೇಕಾದರೆ ಥ್ರಾಟಲ್ ಮಾಡಿದ ಮೇಲೂ ಉಷ್ಣತೆ ಏರುತ್ತಲೇ ಹೋಗಬೇಕು. ಕೂಲರ್ ಕಳಚಿಕೊಂಡಿದ್ದರೆ, ಫ್ಯಾನ್ ನಿಂತಿದ್ದರೆ ಹಾಗಾದೀತು. ನಿಮ್ಮದು 110 ವ್ಯಾಟ್ ಎಳೆದುಕೊಂಡು ನೂರರಲ್ಲಿ ಸ್ಥಿರವಾಗಿ ನಿಂತಿದೆ. ನಿಮ್ಮ ಯುಪಿಎಸ್ ಲೆಕ್ಕ ನೋಡಿ. 600 ವಿಎ ಎಂದು ಬರೆದ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಕೊಡಬಲ್ಲದು. ಆರ್‌ಟಿಎಕ್ಸ್ 3060 ಪೂರ್ತಿ ಹೊರೆಯಲ್ಲಿ 170 ವ್ಯಾಟ್, ಪ್ರೊಸೆಸರ್ ಆರಂಭದಲ್ಲಿ 170, ಬೋರ್ಡ್, ಡಿಸ್ಕ್, ಫ್ಯಾನ್‌ಗಳಿಗೆ 50–60, ಮಾನಿಟರ್‌ಗೆ 25–30. ಎಸ್‌ಎಂಪಿಎಸ್ (ಕಂಪ್ಯೂಟರಿನೊಳಗಿನ ಪವರ್ ಸಪ್ಲೈ) ತಾನೇ ಕಳೆಯುವುದನ್ನು ಬಿಟ್ಟರೂ 400 ದಾಟಿತು. ಕರೆಂಟ್ ಇರುವಾಗ ಹೇಗೋ ನಡೆಯುತ್ತದೆ. ವೋಲ್ಟೇಜ್ ಒಂದು ಕ್ಷಣ ಕುಸಿದು ಹೊರೆ ಬ್ಯಾಟರಿಗೆ ಹೋದರೆ ಅದು ಕೈಬಿಡುತ್ತದೆ. ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಎಂದು ಕಾಣುತ್ತದೆ. ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು ಎನ್ನುವುದಷ್ಟೇ ಅದರ ಅರ್ಥ, ಬಿಸಿಯಿಂದ ಎಂದಲ್ಲ. ಮುಂದಿನ ದೊಡ್ಡ ರೆಂಡರನ್ನು ಒಂದು ಸಲ ಯುಪಿಎಸ್ ಇಲ್ಲದೆ ಒಳ್ಳೆಯ ಸರ್ಜ್ ಪ್ರೊಟೆಕ್ಟರ್ ಮೂಲಕ ನೇರವಾಗಿ ಓಡಿಸಿ ನೋಡಿ. ಪ್ರಾಜೆಕ್ಟ್ ಸೇವ್ ಮಾಡಿಕೊಂಡೇ ಮಾಡಿ. ಆಫ್ ಆಗದಿದ್ದರೆ ಬೇಕಾದದ್ದು 1000 ವಿಎ ಅಥವಾ ಅದಕ್ಕಿಂತ ದೊಡ್ಡ ಯುಪಿಎಸ್. ಇದಕ್ಕೆ ವಾಟರ್ ಕೂಲರ್ ಹಾಕಿಸಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗುತ್ತದೆ.

ಕರೆಂಟ್ ಹೋದಾಗ ಫ್ಯಾನ್ ನಿಂತು ಒಳಗಿನ ಬಿಸಿಗೆ ಪ್ರೊಸೆಸರ್ ಬೇಯುತ್ತದೆ ಎನ್ನುವ ಭಯ ಕರಾವಳಿಯಲ್ಲಿ ಹಲವರಿಗಿದೆ. ಫ್ಯಾನ್ ನಿಂತ ಕ್ಷಣವೇ ಬಿಸಿ ಹುಟ್ಟುವುದೂ ನಿಂತಿರುತ್ತದೆ. ಆ ಭಯ ಬೇಡ. ಕರೆಂಟ್ ಹೋದಾಗ ಕೆಡುವುದು ಡಿಸ್ಕಿನ ಮೇಲೆ ಅರ್ಧ ಬರೆದ ಫೈಲುಗಳು.

ಖರ್ಚಿಲ್ಲದ ಮೊದಲ ಹೆಜ್ಜೆ

ಬಯೋಸ್‌ಗೆ ಹೋಗಿ ವ್ಯಾಟಿಗೆ ಮಿತಿ ಹಾಕಿ. ಕಂಪ್ಯೂಟರ್ ಆನ್ ಮಾಡುವಾಗ ಡಿಲೀಟ್ ಕೀ ಒತ್ತುತ್ತಿರಿ. ಹೆಸರು ಬೋರ್ಡಿನಿಂದ ಬೋರ್ಡಿಗೆ ಬೇರೆ. ಏಸುಸ್‌ನಲ್ಲಿ "ಲಾಂಗ್ ಡ್ಯುರೇಷನ್ ಪ್ಯಾಕೇಜ್ ಪವರ್ ಲಿಮಿಟ್" ಮತ್ತು "ಶಾರ್ಟ್ ಡ್ಯುರೇಷನ್ ಪ್ಯಾಕೇಜ್ ಪವರ್ ಲಿಮಿಟ್". ಗಿಗಾಬೈಟ್‌ನಲ್ಲಿ "ಪ್ಯಾಕೇಜ್ ಪವರ್ ಲಿಮಿಟ್ 1" ಮತ್ತು "2". ಎಂಎಸ್‌ಐನಲ್ಲಿ "ಸಿಪಿಯು ಕೂಲರ್ ಟ್ಯೂನಿಂಗ್" ಎಂದು ಕೇಳಿ ಬಾಕ್ಸ್ ಕೂಲರ್, ಟವರ್ ಕೂಲರ್, ವಾಟರ್ ಕೂಲರ್ ಎಂಬ ಮೂರು ಆಯ್ಕೆ ಕೊಡುತ್ತದೆ. ಜೋಡಿಸುವವರು ಅವಸರದಲ್ಲಿ ವಾಟರ್ ಕೂಲರ್ ಒತ್ತಿಬಿಟ್ಟರೆ ನಿಮ್ಮ ಹಾಗೇ ಆಗುತ್ತದೆ. ಈಗಿನ ಕೂಲರ್ ಇರುವವರೆಗೆ ಲಾಂಗ್ ಮಿತಿಗೆ (ಎಡೆಬಿಡದೆ ಓಡುವಾಗಿನದು) 75, ಶಾರ್ಟ್ ಮಿತಿಗೆ (ಆರಂಭದ ಸ್ವಲ್ಪ ಹೊತ್ತಿನದು) 120, ಅವಧಿ 28 ಸೆಕೆಂಡ್ ಎಂದು ಕೊಟ್ಟು ಸೇವ್ ಮಾಡಿ. ಮೊದಲಿನ ಅಂಕಿಗಳ ಫೋಟೊ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ. ಇದರಲ್ಲಿ ಏನೂ ಕೆಡುವುದಿಲ್ಲ, ಬೇಡವೆನಿಸಿದರೆ ವಾಪಸ್ ಹಾಕಬಹುದು.

ಈಗ ಲೆಕ್ಕ: 33 ಕೂಡಿಸು 75 ಗುಣಿಸು 0.61, ಸುಮಾರು 79 ಡಿಗ್ರಿ. ಫ್ಯಾನಿನ ಕಿರುಚಾಟವೂ ಇಳಿಯುತ್ತದೆ.

ವೇಗ ಹೋಗುವುದಿಲ್ಲವೇ ಎಂದು ನೀವು ಕೇಳುತ್ತೀರಿ. ಹೋಗುತ್ತದೆ, ಆದರೆ ವ್ಯಾಟ್ ಇಳಿದ ಪ್ರಮಾಣದಲ್ಲಿ ಅಲ್ಲ. ವೇಗ ಏರಿಸಲು ವೋಲ್ಟೇಜನ್ನೂ ಏರಿಸಬೇಕು. ವ್ಯಾಟ್ ಏರುವುದು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ. ಹಾಗಾಗಿ ಕೊನೆಯ ಸ್ವಲ್ಪ ವೇಗಕ್ಕೆ ತೆರುವ ವ್ಯಾಟ್ ಬಹಳ ದುಬಾರಿ. ನಿಮ್ಮದೇ ಹತ್ತು ನಿಮಿಷದ ಒಂದು ತುಣುಕನ್ನು ಮಿತಿ ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಒಮ್ಮೆ ಎಕ್ಸ್‌ಪೋರ್ಟ್ ಮಾಡಿ, ಗಡಿಯಾರ ನೋಡಿ. ಆ ಅಂತರ ಸಹಿಸಬಹುದಾದದ್ದಾದರೆ ಮುಂದಿನ ಖರ್ಚಿನ ಮಾತೇ ಬೇಡ.

ಇದಕ್ಕಿಂತ ದೊಡ್ಡ ಲಾಭ ನಿಮ್ಮ ಸಾಫ್ಟ್‌ವೇರ್‌ನಲ್ಲೇ ಇರಬಹುದು. ಪ್ರೀಮಿಯರ್ ಪ್ರೊ ಬಳಸುತ್ತಿದ್ದರೆ ಎಕ್ಸ್‌ಪೋರ್ಟ್ ಸೆಟ್ಟಿಂಗಿನಲ್ಲಿ "ಹಾರ್ಡ್‌ವೇರ್ ಎನ್‌ಕೋಡಿಂಗ್" ಇದೆಯೇ, "ಸಾಫ್ಟ್‌ವೇರ್" ಎಂದಿದೆಯೇ ನೋಡಿ. ಹಾರ್ಡ್‌ವೇರ್ ಆರಿಸಿದರೆ ವಿಡಿಯೊ ಕಟ್ಟುವ ಭಾರ ನಿಮ್ಮ 3060 ಕಾರ್ಡಿನೊಳಗಿನ ಎನ್‌ಕೋಡರ್ ಮೇಲೆ ಬೀಳುತ್ತದೆ. ಅದೇ ಬಿಟ್‌ರೇಟಿಗೆ ಗುಣಮಟ್ಟ ಕೂದಲೆಳೆಯಷ್ಟು ಕಡಿಮೆ ಅನಿಸಿದರೆ ಬಿಟ್‌ರೇಟ್ ಸ್ವಲ್ಪ ಏರಿಸಿ. ಇನ್ನೊಂದು: ಈಗಿನ ಕ್ಯಾಮೆರಾಗಳು ಕೊಡುವ 10 ಬಿಟ್, 4:2:2 ಎಚ್.265 (ಬಣ್ಣದ ವಿವರ ಹೆಚ್ಚಿರುವ, ಒತ್ತಿ ಚಿಕ್ಕದಾಗಿಸಿದ) ಫೈಲುಗಳನ್ನು ಬಿಚ್ಚುವ ಶಕ್ತಿ 3060 ಕಾರ್ಡಿಗಿಲ್ಲ. ನಿಮ್ಮ ಐ7-12700ರ ಒಳಗಿರುವ ಗ್ರಾಫಿಕ್ಸ್‌ಗೆ ಅದು ಇದೆ. ಕಾರ್ಡ್ ಹಾಕಿದಾಗ ಬಹಳ ಬೋರ್ಡುಗಳು ಒಳಗಿನ ಗ್ರಾಫಿಕ್ಸನ್ನು ಮುಚ್ಚಿಬಿಡುತ್ತವೆ. ಬಯೋಸ್‌ನಲ್ಲಿ "ಐಜಿಪಿಯು ಮಲ್ಟಿ-ಮಾನಿಟರ್" ಅಥವಾ "ಇಂಟರ್ನಲ್ ಗ್ರಾಫಿಕ್ಸ್" ಎಂಬುದನ್ನು ಎನೇಬಲ್ ಮಾಡಿ, ಇಂಟೆಲ್ ಗ್ರಾಫಿಕ್ಸ್ ಡ್ರೈವರ್ ಹಾಕಿ. ಅಂಥ ಫೂಟೇಜ್ ಇದ್ದರೆ ಟೈಮ್‌ಲೈನ್ ಎಳೆಯುವಾಗಿನ ತಡವರಿಕೆಯೂ ಕಡಿಮೆಯಾಗುತ್ತದೆ, ಪ್ರೊಸೆಸರ್‌ನ ಕೋರ್‌ಗಳಿಗೂ ಉಸಿರು ಬರುತ್ತದೆ.

ಗಾಳಿಯೋ, ಪೇಸ್ಟೋ?

ಮಿತಿ ಹಾಕಿದ ಮೇಲೆ ಒಂದು ಪರೀಕ್ಷೆ ಮಾಡಿ, ಮೊದಲು ಬೇಡ. ಪ್ರೊಸೆಸರ್ 100ರಲ್ಲಿ ಥ್ರಾಟಲ್ ಆಗುತ್ತಿರುವಾಗ ನೀವೇನು ಸುಧಾರಿಸಿದರೂ ಡಿಗ್ರಿ 100ರಲ್ಲೇ ಇರುತ್ತದೆ, ವ್ಯಾಟ್ ಮಾತ್ರ ಏರುತ್ತದೆ. "ಪೇಸ್ಟ್ ಬದಲಿಸಿದೆ, ಒಂದು ಡಿಗ್ರಿಯೂ ಇಳಿಯಲಿಲ್ಲ" ಎಂದು ನಿರಾಶರಾಗುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ.

75 ವ್ಯಾಟಿನ ಮಿತಿಯಲ್ಲಿ, ಗೂಡಿನೊಳಗೆ ಇದ್ದ ಹಾಗೇ 15 ನಿಮಿಷ ರೆಂಡರ್ ಓಡಿಸಿ ಅಂಕಿ ಬರೆದುಕೊಳ್ಳಿ. ಆಮೇಲೆ ಗೂಡಿನಿಂದ ಹೊರಗೆಳೆದು, ಪಕ್ಕದ ಬಾಗಿಲು ತೆಗೆದು, ಅದೇ ತುಣುಕನ್ನು ಮತ್ತೆ 15 ನಿಮಿಷ ಓಡಿಸಿ. ಐದು ಡಿಗ್ರಿಗಿಂತ ಹೆಚ್ಚು ಇಳಿದರೆ ಗಾಳಿ ಓಡಾಟದ ತೊಂದರೆ. ಒಂದೆರಡೇ ಇಳಿದರೆ ಕೂಲರಿನ ದೂಳು, ಪೇಸ್ಟ್ ಅಥವಾ ಅದು ಕೂತ ರೀತಿ. ನಿಮ್ಮ ವಿಷಯದಲ್ಲಿ ಗಾಳಿಯದ್ದೇ ಇರಬಹುದು ಎಂದು ನನ್ನ ಅಂದಾಜು. ಮುಂದೆ ಪೂರ್ತಿ ಗಾಜು, ಹಿಂದೆ ಮರದ ಹಲಗೆ. ಒಳಗಿನ ಫ್ಯಾನ್ ತಾನು ಉಗುಳಿದ ಬಿಸಿಗಾಳಿಯನ್ನೇ ಮತ್ತೆ ಕುಡಿಯುತ್ತಿದೆ. ಕ್ಯಾಬಿನೆಟ್ಟನ್ನು ಟೇಬಲ್ ಪಕ್ಕ, ನೆಲದಿಂದ ನಾಲ್ಕಾರು ಇಂಚು ಎತ್ತರದಲ್ಲಿ, ಗೋಡೆಯಿಂದ ಅರ್ಧ ಅಡಿ ದೂರದಲ್ಲಿಡಿ. ಮುಂದೆ ಒಳಗೆಳೆಯುವ ಎರಡು 120 ಮಿ.ಮೀ. ಫ್ಯಾನ್, ಹಿಂದೆ ಹೊರಗೆ ತಳ್ಳುವ ಒಂದು, ಇಷ್ಟು ಸಾಕು. ಫ್ಯಾನಿನ ಮೋಟಾರನ್ನು ಹಿಡಿದಿರುವ ಅಡ್ಡಪಟ್ಟಿಗಳು ಕಾಣುವ ಬದಿಯಿಂದ ಗಾಳಿ ಹೊರಬರುತ್ತದೆ. ತಿರುಗಿಸಿ ಹಾಕಿದ್ದನ್ನು ಹಿಡಿಯಲು ಒಂದು ಟಿಶ್ಯೂ ಕಾಗದದ ತುಂಡು ಹಿಡಿದು ನೋಡಿದರೆ ಸಾಕು. ಮುಂದಿನ ಗಾಜು ಕಳಚುವಂತಿದ್ದರೆ ರೆಂಡರ್ ಹೊತ್ತಿಗೆ ಕಳಚಿಡಿ. ಮುಂದೆ ಎಂದಾದರೂ ಕ್ಯಾಬಿನೆಟ್ ಬದಲಿಸುವುದಾದರೆ ಮುಂಭಾಗ ಜಾಲರಿ ಇರುವುದನ್ನೇ ತೆಗೆದುಕೊಳ್ಳಿ.

ಪಕ್ಕದ ಬಾಗಿಲು ತೆಗೆದು ಟೇಬಲ್ ಫ್ಯಾನ್ ಇಟ್ಟರೆ ಬಿಸಿ ಇಳಿಯುವುದು ನಿಜ, ಸುಳ್ಳಲ್ಲ. ಶಿರಸಿಯ ನಿಮ್ಮ ಅಣ್ಣ ಕೇಳಿದ್ದರೆ ನಾಲ್ಕು ದಿನಕ್ಕೆ ಪರವಾಗಿಲ್ಲ ಎನ್ನುತ್ತಿದ್ದೆ. ಕೋಡಿಬಾಗದಲ್ಲಿ, ಸಮುದ್ರದ ಕಿಟಕಿ ಪಕ್ಕ, ಖಂಡಿತ ಬೇಡ. ಕಾರಣ ಉಪ್ಪು, ಅದಕ್ಕೆ ಆಮೇಲೆ ಬರುತ್ತೇನೆ.

ಕೂಲರ್ ಬಿಚ್ಚುವ ಪ್ರಸಂಗ ಬಂದರೆ ಹೀಗೆ. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿಹಿಡಿದು ಉಳಿದ ಕರೆಂಟ್ ಹೋಗಲು ಬಿಡಿ. ನಾಲ್ಕು ಮೂಲೆಯ ಪ್ಲಾಸ್ಟಿಕ್ ಪಿನ್ನುಗಳನ್ನು ತಲೆಯ ಮೇಲಿನ ಬಾಣದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ಮೇಲಕ್ಕೆಳೆಯಿರಿ. ಹಳೆಯ ಪೇಸ್ಟನ್ನು ಶೇ. 99ರ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ನೂಲು ಬಿಡದ ಬಟ್ಟೆಯಿಂದ ಒರೆಸಿ. ಎಲೆಕ್ಟ್ರಾನಿಕ್ಸ್ ರಿಪೇರಿ ಸಾಮಾನು ಮಾರುವವರ ಹತ್ತಿರ ಅದು ಸಿಗುತ್ತದೆ. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರೂ ಗ್ಲಿಸರಿನ್ನೂ ಇರುತ್ತವೆ. ಹೊಸ ಪೇಸ್ಟ್ ಬಟಾಣಿ ಕಾಳಿನಷ್ಟು ಎಂದು ಹೇಳುವುದು ಹಳೆಯ ಚೌಕ ಪ್ರೊಸೆಸರ್‌ಗಳ ಕಾಲದ ಮಾತು. ನಿಮ್ಮದು 45 ಗುಣಿಸು 37.5 ಮಿ.ಮೀ. ಅಳತೆಯ ಉದ್ದನೆಯ ಚಿಪ್. ನಡುವೆ ಒಂದು ಬಟಾಣಿ, ನಾಲ್ಕು ಮೂಲೆಯ ಕಡೆಗೆ ನಾಲ್ಕು ಸಾಸಿವೆ ಕಾಳಿನಷ್ಟು ಹನಿ ಹಾಕಿ. ಬೆರಳಿನಿಂದ ಹರಡುವುದು ಬೇಡ, ಕೂಲರಿನ ಒತ್ತಡವೇ ಹರಡುತ್ತದೆ. ಪಿನ್ನುಗಳನ್ನು ಮೊದಲಿನ ಸ್ಥಾನಕ್ಕೆ ತಿರುಗಿಸಿಕೊಂಡು, ಒಂದು ಮೂಲೆ, ಅದರ ಎದುರು ಮೂಲೆ, ಹೀಗೆ ಕರ್ಣದಲ್ಲಿ ಎರಡೆರಡನ್ನು "ಟಕ್" ಎನ್ನುವ ತನಕ ಒತ್ತಿ. ಬೋರ್ಡಿನ ಹಿಂಬದಿಗೆ ಟಾರ್ಚ್ ಬಿಟ್ಟು ನಾಲ್ಕೂ ಪಿನ್ನಿನ ಕಾಲು ಹೊರಬಂದಿವೆಯೇ ನೋಡಿ. ಮೂರು ಕೂತು ಒಂದು ಕೂರದಿದ್ದರೂ ಕಂಪ್ಯೂಟರ್ ಆನ್ ಆಗುತ್ತದೆ, ಕೂಲರ್ ಒಂದು ಬದಿ ಎದ್ದಿರುತ್ತದೆ, ಹತ್ತಿಪ್ಪತ್ತು ಡಿಗ್ರಿ ಸುಮ್ಮನೆ ಏರುತ್ತದೆ. ಫ್ಯಾನಿನ ವೈರನ್ನು "ಸಿಪಿಯು ಫ್ಯಾನ್" ಎಂದಿರುವ ನಾಲ್ಕು ಪಿನ್ನಿನ ಕನೆಕ್ಟರ್‌ಗೇ ಚುಚ್ಚಿ.

ಟೂತ್‌ಪೇಸ್ಟ್ ಬೇಡ. ಹಚ್ಚಿದ ದಿನ ಅದು ಕೆಲಸ ಮಾಡಿದಂತೆಯೇ ಕಾಣುತ್ತದೆ, ಯಾಕೆಂದರೆ ಒದ್ದೆ ಇರುವಾಗ ನಡುವಿನ ಗಾಳಿಯನ್ನು ಹೊರಹಾಕುತ್ತದೆ. ನೀರು ಆರಿದ ಮೇಲೆ ಬಿರುಕುಬಿಟ್ಟು ಸುಣ್ಣದ ಪುಡಿಯಂತಾಗಿ ಬಿಸಿಯನ್ನು ತಡೆಯತೊಡಗುತ್ತದೆ. ಮೂರ್ನಾಲ್ಕು ನೂರು ರೂಪಾಯಿಯ ಪೇಸ್ಟಿಗೆ ಇಷ್ಟೆಲ್ಲ ಕಷ್ಟ ಯಾಕೆ? ಲಿಕ್ವಿಡ್ ಮೆಟಲ್ ಎಂದು ಯಾರಾದರೂ ಹೇಳಿದರೆ ಅದೂ ಬೇಡ: ಅದರಲ್ಲಿರುವ ಗ್ಯಾಲಿಯಂ ಅಲ್ಯುಮಿನಿಯಮ್ಮನ್ನು ತಿನ್ನುತ್ತದೆ, ಹನಿ ಜಾರಿ ಬೋರ್ಡಿನ ಮೇಲೆ ಬಿದ್ದರೆ ಶಾರ್ಟ್.

ಖರ್ಚು ಮಾಡುವುದಾದರೆ

ಪೂರ್ತಿ ವೇಗ ಬೇಕೇ ಬೇಕು, ಮದುವೆ ಸೀಸನ್ನಿನಲ್ಲಿ ಕಾಯಲಾಗುವುದಿಲ್ಲ ಎಂದಾದರೆ ನನ್ನ ಸಲಹೆ ಎರಡು ಸಾವಿರ ರೂಪಾಯಿ ಆಸುಪಾಸಿನ ಟವರ್ ಕೂಲರ್. ನಾಲ್ಕು ತಾಮ್ರದ ಹೀಟ್ ಪೈಪ್, 120 ಮಿ.ಮೀ. ಫ್ಯಾನ್ ಇರುವ ಡೀಪ್‌ಕೂಲ್ ಎಜಿ400, ಕೂಲರ್ ಮಾಸ್ಟರ್ ಹೈಪರ್ 212ರಂಥವು. ಮೇಲೆ ಲೆಕ್ಕ ಹಾಕಿದ 0.61 ಇಲ್ಲಿ 0.4ರ ಆಸುಪಾಸಿಗೆ ಇಳಿಯುತ್ತದೆ ಎಂದಿಟ್ಟುಕೊಂಡರೂ, ಮಿತಿಯನ್ನು 125 ವ್ಯಾಟಿಗೆ ಏರಿಸಿದಾಗ 33ರ ಕೋಣೆಯಲ್ಲಿ 83 ಡಿಗ್ರಿ. ಕೊಳ್ಳುವ ಮೊದಲು ಕ್ಯಾಬಿನೆಟ್ಟಿನ ಅಗಲ ಅಳೆಯಿರಿ. ಈ ಕೂಲರುಗಳು 150ರಿಂದ 160 ಮಿ.ಮೀ. ಎತ್ತರ, ಸಣ್ಣ ಕ್ಯಾಬಿನೆಟ್ಟಿನ ಬಾಗಿಲು ಮುಚ್ಚುವುದಿಲ್ಲ. ನಿಮ್ಮ ಪ್ರೊಸೆಸರ್ ಕೂರುವ ಎಲ್‌ಜಿಎ 1700 ಸಾಕೆಟ್ಟಿನ ಕ್ಲಾಂಪ್ ಬಾಕ್ಸಿನಲ್ಲಿದೆಯೇ ಎಂದು ಕೇಳಿ. ಹಳೆಯ ಸಾಕೆಟ್ಟುಗಳ ತೂತಿನ ಅಂತರ 75 ಮಿ.ಮೀ., ಇದರದ್ದು 78; ಯಾರದೋ ಹಳೆಯ ಕೂಲರನ್ನು ಎಳೆದು ಕೂರಿಸಿದರೆ ಒತ್ತಡ ಸರಿಯಾಗಿ ಬೀಳುವುದಿಲ್ಲ.

ವಾಟರ್ ಕೂಲರ್ ಕೆಟ್ಟದ್ದಲ್ಲ, ಅದರಿಂದ ಬಿಸಿ ಇಳಿಯುತ್ತದೆ. ಆದರೆ ಅದೂ ಕೋಣೆಯ 33 ಡಿಗ್ರಿಗಿಂತ ಕೆಳಗೆ ಇಳಿಸಲಾರದು. ಬಿಸಿಯನ್ನು ನೀರಿನಿಂದ ರೇಡಿಯೇಟರ್‌ಗೆ ಸಾಗಿಸಿ ಅಲ್ಲಿಂದ ಗಾಳಿಗೇ ಕೊಡುತ್ತದೆ. ನಿಮ್ಮ ಗಾಜಿನ ಮುಂಭಾಗಕ್ಕೆ ಅದನ್ನು ಕೂರಿಸಿದರೆ ರೇಡಿಯೇಟರ್‌ಗೂ ಗಾಳಿ ಇಲ್ಲ. ಪಂಪ್ ಎನ್ನುವ ಇನ್ನೊಂದು ತಿರುಗುವ ಭಾಗ ಸೇರುತ್ತದೆ, ಅದು ನಿಂತರೆ ರಿಪೇರಿ ಇಲ್ಲ, ಪೂರ್ತಿ ಬದಲಿಸಬೇಕು. ರೇಡಿಯೇಟರಿನ ಅಲ್ಯುಮಿನಿಯಂ ರೆಕ್ಕೆಗಳು ಬಹಳ ತೆಳು, ಬಹಳ ಒತ್ತೊತ್ತು. ಉಪ್ಪು ಸೇರಿದ ಜಿಗುಟು ದೂಳು ಅಲ್ಲಿ ಕೂತರೆ ತೆಗೆಯುವುದು ಕಷ್ಟ. ಅಂಗಡಿಯಲ್ಲಿ ಸಾಮಾನ್ಯವಾಗಿ ಹೇಳದ ಮತ್ತೊಂದು ಸಂಗತಿಯಿದೆ. ಈಗಿನ ಬಾಕ್ಸ್ ಕೂಲರ್ ಗಾಳಿಯನ್ನು ಕೆಳಕ್ಕೆ, ಬೋರ್ಡಿನ ಮೇಲೆ ಊದುತ್ತದೆ. ಪ್ರೊಸೆಸರ್‌ಗೆ ಕರೆಂಟ್ ಕೊಡುವ ವಿಆರ್‌ಎಂ ಭಾಗ ಆ ಗಾಳಿಯಲ್ಲೇ ತಣ್ಣಗಾಗುವುದು. ವಾಟರ್ ಕೂಲರ್ ಹಾಕಿದಾಗ ಆ ಗಾಳಿ ನಿಲ್ಲುತ್ತದೆ, ವ್ಯಾಟ್ ಮಾತ್ರ ಏರುತ್ತದೆ. ಬೋರ್ಡಿನ ಆ ಭಾಗದ ಮೇಲೆ ಹೀಟ್‌ಸಿಂಕ್ ಇಲ್ಲದಿದ್ದರೆ ಪ್ರೊಸೆಸರ್ ತಂಪು, ಬೋರ್ಡ್ ಬಿಸಿ. ಟವರ್ ಕೂಲರಿನಲ್ಲೂ ಕೆಳಕ್ಕೆ ಗಾಳಿ ಬೀಳುವುದಿಲ್ಲ, ಆದರೆ ಅದರ ಫ್ಯಾನ್ ಅದೇ ಜಾಗದಲ್ಲಿ ತಿರುಗುವುದರಿಂದ ಸುತ್ತ ಅಷ್ಟಿಷ್ಟು ಗಾಳಿ ಓಡಾಡುತ್ತಿರುತ್ತದೆ. ಹಿಂದಿನ ಫ್ಯಾನ್ ಇರಲೇಬೇಕು.

ಉಪ್ಪು

ಕಾರವಾರದಲ್ಲಿ ನಿಜವಾಗಿ ಹೆದರಬೇಕಾದದ್ದು ಸೆಕೆಗಲ್ಲ, ಉಪ್ಪುಗಾಳಿಗೆ. ಸಾಣಿಕಟ್ಟೆಯ ಉಪ್ಪು ಮಳೆಗಾಲದಲ್ಲಿ ಡಬ್ಬಿಯೊಳಗೇ ನೀರು ಬಿಡುವುದನ್ನು ನೀವು ಮನೆಯಲ್ಲೇ ನೋಡಿರುತ್ತೀರಿ. ಗಾಳಿಯ ಸಾಪೇಕ್ಷ ತೇವ ಶೇ. 75 ದಾಟಿದರೆ ಶುದ್ಧ ಉಪ್ಪು ತಾನಾಗಿ ನೀರೆಳೆದು ಕರಗತೊಡಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಷಿಯಂ ಕ್ಲೋರೈಡ್ ಸೇರಿರುವುದರಿಂದ ಅದು ಇನ್ನೂ ಕಡಿಮೆ ತೇವಕ್ಕೇ ಒದ್ದೆಯಾಗುತ್ತದೆ. ಕಿಟಕಿಯಿಂದ ಬಂದು ಬೋರ್ಡಿನ ಮೇಲೆ ದೂಳಿನ ಜೊತೆ ಕೂತ ಉಪ್ಪೂ ಅದನ್ನೇ ಮಾಡುತ್ತದೆ. ಬೇಸಿಗೆಯಲ್ಲಿ ತೊಂದರೆ ಕೊಡದೆ ಕೂತಿದ್ದ ಪದರ ಜೂನ್ ಬಂದೊಡನೆ ಕರೆಂಟ್ ಹರಿಯುವ ತೇವದ ಪೊರೆಯಾಗುತ್ತದೆ. ತಾಮ್ರದ ಗೆರೆಗಳಿಗೆ ಹಸಿರು ಕಿಲುಬು, ಫ್ಯಾನಿನ ಬೇರಿಂಗಿಗೆ ತುಕ್ಕು. ಕಾರಣವಿಲ್ಲದೆ ರ‍್ಯಾಮ್ ಎರರ್, ಯುಎಸ್‌ಬಿ ಪೋರ್ಟ್ ಸತ್ತುಹೋಗುವುದು, ಎಲ್ಲ ಇದರ ಮಕ್ಕಳು. ಬಾಗಿಲು ತೆಗೆದು ಟೇಬಲ್ ಫ್ಯಾನ್ ಇಡಬೇಡಿ ಎಂದದ್ದು ಇದಕ್ಕೆ: ಪ್ರೊಸೆಸರ್‌ನ ಹತ್ತು ಡಿಗ್ರಿ ಇಳಿಸಲು ಹೋಗಿ ಬೋರ್ಡಿಗೆ ಉಪ್ಪೂಡಿಸಿದ ಹಾಗಾಗುತ್ತದೆ.

ಕಂಪ್ಯೂಟರನ್ನು ಸಮುದ್ರದ ಕಿಟಕಿಯಿಂದ ದೂರದ ಗೋಡೆಗೆ ಸಾಗಿಸಿ. ಹೊರಗೆ ತಳ್ಳುವ ಫ್ಯಾನಿಗಿಂತ ಒಳಗೆಳೆಯುವ ಫ್ಯಾನ್ ಒಂದು ಹೆಚ್ಚಿರಲಿ, ಆ ಫ್ಯಾನುಗಳ ಮುಂದೆ ನೈಲಾನ್ ಫಿಲ್ಟರ್ ಇರಲಿ. ಆಗ ಗಾಳಿ ಬರುವುದಿದ್ದರೆ ಫಿಲ್ಟರ್ ಮೂಲಕವೇ ಬರುತ್ತದೆ, ಸಂದುಗೊಂದುಗಳಿಂದ ಹೀರಿಕೊಳ್ಳುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಫಿಲ್ಟರನ್ನು ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿ.

ಒಳಗಿನ ದೂಳಿಗೆ ಬರೀ ಬ್ಲೋವರ್ ಸಾಕಾಗುವುದಿಲ್ಲ, ಕರಾವಳಿಯ ದೂಳು ಜಿಗುಟು. ಒಂದಿಂಚಿನ ಮೆತ್ತನೆಯ ಪೇಂಟ್ ಬ್ರಶ್‌ನಿಂದ ಮೊದಲು ಸಡಿಲಿಸಿ, ಆಮೇಲೆ ಬ್ಲೋವರ್ ಒಂದಡಿ ದೂರದಿಂದ ಹಿಡಿಯಿರಿ. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆಹಿಡಿಯಿರಿ. ಗಾಳಿಗೆ ಬುಗುರಿಯಂತೆ ತಿರುಗಲು ಬಿಟ್ಟರೆ ಬೇರಿಂಗ್ ಕೆಡುತ್ತದೆ, ಫ್ಯಾನ್ ತಾನೇ ಕರೆಂಟ್ ಹುಟ್ಟಿಸಿ ಬೋರ್ಡಿಗೆ ಕಳಿಸಬಹುದು. ಪೆಟ್ರೋಲ್ ಬಂಕಿಗೋ ಪಂಕ್ಚರ್ ಅಂಗಡಿಗೋ ಒಯ್ದು ಗಾಳಿ ಹೊಡೆಸುವವರಿದ್ದಾರೆ. ಆ ಕಂಪ್ರೆಸರ್ ಟ್ಯಾಂಕಿನಲ್ಲಿ ನೀರೂ ಎಣ್ಣೆಯೂ ನಿಂತಿರುತ್ತವೆ, ಮಳೆಗಾಲದಲ್ಲಂತೂ ಗಾಳಿಯ ಜೊತೆ ನೀರಿನ ಹನಿಯೇ ಬರುತ್ತದೆ. ರ‍್ಯಾಮಿನ ಚಿನ್ನದ ಪಟ್ಟಿಗೆ ಪೆನ್ಸಿಲ್ ರಬ್ಬರ್ ತಿಕ್ಕುವ ಅಭ್ಯಾಸವೂ ಬಿಡಿ. ಆ ಚಿನ್ನದ ಲೇಪ ಬಹಳ ತೆಳು, ತಿಕ್ಕಿ ಸವೆದ ಮೇಲೆ ಉಪ್ಪುಗಾಳಿಗೆ ಕೆಳಗಿನ ಲೋಹ ಸಿಕ್ಕಿಬಿಡುತ್ತದೆ. ಅದೇ ಐಸೊಪ್ರೊಪೈಲ್ ಅದ್ದಿದ ಬಟ್ಟೆಯಿಂದ ಒರೆಸಿದರೆ ಸಾಕು.

ಮಳೆಗಾಲದಲ್ಲಿ ಲೆನ್ಸಿಗೆ ಬೂಸ್ಟು ಹಿಡಿಯದಂತೆ ನೀವು ಎಷ್ಟು ಜಾಗ್ರತೆ ಮಾಡುತ್ತೀರೋ ಕಂಪ್ಯೂಟರಿಗೂ ಅಷ್ಟು ಮಾಡಿ. ಕೆಲಸವಿಲ್ಲದ ದಿನವೂ ಅರ್ಧ ಗಂಟೆ ಆನ್ ಮಾಡಿಡಿ. ಒಳಗಿನ ಬಿಸಿ ಕೋಣೆಗಿಂತ ಹತ್ತು ಡಿಗ್ರಿ ಮೇಲಿದ್ದರೂ ಸಾಕು, ತೇವ ಆರುತ್ತದೆ. ಆಷಾಢದಲ್ಲಿ ಮದುವೆ ಇಲ್ಲವೆಂದು ತಿಂಗಳುಗಟ್ಟಲೆ ಮುಚ್ಚಿಟ್ಟು, ಆಮೇಲೆ ಒಮ್ಮೆಗೇ ಸ್ವಿಚ್ ಹಾಕಿದಾಗ ಕೈಕೊಡುವ ಬೋರ್ಡುಗಳು ಬಹಳ.

ಎಸಿ ಹಾಕಿಸುವ ಯೋಚನೆ ಇದ್ದರೆ ಅದು ಒಳ್ಳೆಯದೇ, ಗಾಳಿಯ ತೇವವನ್ನೂ ಇಳಿಸುತ್ತದೆ. ಒಂದೇ ಎಚ್ಚರ. 24 ಡಿಗ್ರಿಗೆ ತಣ್ಣಗಾದ ಕೋಣೆಯಲ್ಲಿ ಆಫ್ ಆಗಿರುವ ಕಂಪ್ಯೂಟರಿನ ಲೋಹವೂ 24 ಡಿಗ್ರಿ ಇರುತ್ತದೆ. ಹೊರಗೆ 29 ಡಿಗ್ರಿ, ಶೇ. 90 ತೇವ ಇರುವಾಗ ಗಾಳಿ 27 ಡಿಗ್ರಿಯಲ್ಲೇ ಹನಿಗಟ್ಟುತ್ತದೆ. ಎಸಿ ಆರಿಸಿ ಆ ಕೂಡಲೇ ಕಿಟಕಿ ತೆರೆದರೆ, ತಣ್ಣೀರಿನ ಚೊಂಬಿನ ಹೊರಗೆ ಬೆವರುವ ಹಾಗೆ, ಬೋರ್ಡಿನ ಮೇಲೆ ನೀರು ಕೂರುತ್ತದೆ. ಎಸಿ ಆರಿಸಿದ ಮೇಲೆ ಒಂದು ಗಂಟೆ ಬಾಗಿಲು ಕಿಟಕಿ ಮುಚ್ಚಿರಲಿ. ಕಂಪ್ಯೂಟರ್ ಓಡುತ್ತಿದ್ದರೆ ಈ ಭಯವಿಲ್ಲ, ಒಳಗೆ ಬಿಸಿ ಇರುತ್ತದೆ.

ನಿಮ್ಮ ಕೆಲಸದ ಸರದಿ ಹೀಗಿರಲಿ: ಇವತ್ತೇ ಬಯೋಸ್ ಮಿತಿ ಮತ್ತು ಹಾರ್ಡ್‌ವೇರ್ ಎನ್‌ಕೋಡಿಂಗ್. ಈ ವಾರ ಗೂಡಿನಿಂದ ಹೊರಗೆ, ಕಿಟಕಿಯಿಂದ ದೂರ, ಯುಪಿಎಸ್ ಪರೀಕ್ಷೆ. ಮಳೆ ಹಿಡಿಯುವ ಮೊದಲು, ಗಾಳಿ ಒಣಗಿರುವ ದಿನ ನೋಡಿ, ಬ್ರಶ್ ಹಿಡಿದು ಪೂರ್ತಿ ಶುಚಿ ಮತ್ತು ಹೊಸ ಪೇಸ್ಟ್. ಟವರ್ ಕೂಲರ್ ಬೇಕೋ ಬೇಡವೋ ಎನ್ನುವುದನ್ನು ಇಷ್ಟಾದ ಮೇಲಿನ ಅಂಕಿ ನೋಡಿ ತೀರ್ಮಾನಿಸಿ. 75 ವ್ಯಾಟಿನಲ್ಲಿ 80 ಡಿಗ್ರಿ ದಾಟುತ್ತಲೇ ಇದ್ದರೆ ಮಾತ್ರ ಕೂಲರಿನ ಪಿನ್ನುಗಳನ್ನು ಇನ್ನೊಮ್ಮೆ ಬಿಚ್ಚಿ ಕೂರಿಸಿ.